ಮೂರು ಗಂಟೆಗೆ ಕಣ್ಣು ಬಿಟ್ಟ ಕ್ಯಾಮೆರಾ

ಆ ಕಾಲದ ರಾಕ್ಷಸರ ಪ್ರಾಣ ಏಳು ಸಮುದ್ರದಾಚೆ, ಒಂಟಿ ಮರದ ಪೊಟರೆಯಲ್ಲಿ, ಗಿಳಿಯ ಕೊರಳಲ್ಲಿ ಇರುತ್ತಿತ್ತಂತೆ. ಮೀಟಿಂಗ್ ರೂಮಿನ ಕ್ಯಾಮೆರಾದ ಪ್ರಾಣ ಅಷ್ಟು ದೂರವೇನೂ ಇರಲಿಲ್ಲ. ಟೀವಿಯ ಹಿಂದೆ, ಮೊಣಕಾಲೆತ್ತರದ ಪ್ಲಗ್ಗಿನಲ್ಲಿತ್ತು. ಹಿಂದಿನ ದಿನ ಸಂಜೆ ಆರು ಗಂಟೆಗೆ ಯಾರೋ ಅದರ ಸ್ವಿಚ್ಚು ಆರಿಸಿದ್ದರು. ನಡೆದದ್ದು ಅಷ್ಟೇ.

ಬೆಳಗ್ಗೆ ಒಂಬತ್ತಕ್ಕೆ ಪ್ಲಗ್ಗಪ್ಪ ಬಾಗಿಲು ತೆಗೆದು ಸ್ವಿಚ್ಚು ಹಾಕಿ ನೋಡಿದಾಗ ಕ್ಯಾಮೆರಾ ಕೆಂಪು ದೀಪವನ್ನು ಮೂರು ಸಲ ಮಿಟುಕಿಸುತ್ತಿತ್ತು. ಕತ್ತನ್ನು ಒಂದು ಸುತ್ತು ತಿರುಗಿಸಿ, ಇನ್ನೇನು ಕಣ್ಣು ಬಿಟ್ಟಿತು ಅನ್ನುವಷ್ಟರಲ್ಲಿ ಆರಿಹೋಗುತ್ತಿತ್ತು. ಮತ್ತೆ ಕೆಂಪು ದೀಪ, ಮತ್ತೆ ಕತ್ತು. ಶಾಲೆಗೆ ಎಬ್ಬಿಸಿದ ಮಗು ಎದ್ದು ಕೂತು ಮತ್ತೆ ಬಿದ್ದುಕೊಳ್ಳುವ ಹಾಗೆ.

ತಕ್ಕಡಿ ಮಾರುವ ಆ ಕಂಪನಿಯ ಶಾಖೆಯಲ್ಲಿ ಕಂಪ್ಯೂಟರು, ಪ್ರಿಂಟರು, ಫೋನು, ಗೋಡೆ ಗಡಿಯಾರ, ಒಟ್ಟಿನಲ್ಲಿ ಕೆಟ್ಟದ್ದನ್ನೆಲ್ಲ ನೋಡಿಕೊಳ್ಳುವುದು ಪ್ಲಗ್ಗಪ್ಪನ ಕೆಲಸ. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಯಾರು ಏನು ಕೆಟ್ಟಿದೆ ಅಂದರೂ "ಪ್ಲಗ್ ತೆಗೆದು ಹಾಕಿ ನೋಡಿದ್ರಾ?" ಎಂದು ಕೇಳುತ್ತಿದ್ದುದರಿಂದ ಆಫೀಸಿನವರು ಈ ಹೆಸರು ಕಟ್ಟಿದ್ದರು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಸಿಟ್ಟು ಬರುವುದಕ್ಕೂ ಸುಸ್ತು.

ಇವತ್ತೂ ತನ್ನ ಬುದ್ಧಿವಾದವನ್ನು ತಾನೇ ಕೇಳಿ ಪ್ಲಗ್ ತೆಗೆದು ಹಾಕಿದ. ಕೆಂಪು ದೀಪ. ಬೇರೆ ಅಡಾಪ್ಟರ್ ಹಾಕಿದ. ಕೆಂಪು ದೀಪ. ಕೇಬಲ್ಲುಗಳನ್ನೆಲ್ಲ ಬಿಚ್ಚಿ ಕರೆಂಟಿನದ್ದೊಂದನ್ನೇ ಉಳಿಸಿದ. ಕೆಂಪು ದೀಪ, ಅದೂ ಸ್ವಲ್ಪ ಗರ್ವದಿಂದ.

ಅವನಿಗೆ ಅರ್ಥವಾಯಿತು. ಮುಖ್ಯ ಕಚೇರಿಯವರು ನಿನ್ನೆ ಸಂಜೆ ಎಲ್ಲ ಶಾಖೆಗಳ ಕ್ಯಾಮೆರಾಗಳಿಗೂ ಹೊಸ ಫರ್ಮ್‌ವೇರ್ ಕಳಿಸಿದ್ದರು. ಫರ್ಮ್‌ವೇರ್ ಅಂದರೆ ಯಂತ್ರದ ಒಳಬುದ್ಧಿ. ಏಳುವುದು ಹೇಗೆ, ಕಣ್ಣು ಬಿಡುವುದು ಹೇಗೆ, ಯಾರು ಮಾತಾಡಿದರೆ ಯಾರ ಕಡೆ ತಿರುಗಬೇಕು, ಎಲ್ಲ ಅದರಲ್ಲೇ ಇರುತ್ತದೆ. ಹಳೆಯ ಬುದ್ಧಿ ಇಳಿಸಿ ಹೊಸದನ್ನು ಏರಿಸುವ ನಡುವೆ ಕರೆಂಟು ಹೋದರೆ ಅತ್ತ ಅದೂ ಇಲ್ಲ, ಇತ್ತ ಇದೂ ಇಲ್ಲ. ಇದು ತಿಳಿದೇ ಪ್ಲಗ್ಗಪ್ಪ ನಿನ್ನೆ ಮನೆಗೆ ಹೊರಡುವ ಮುಂಚೆ ದಪ್ಪ ಅಕ್ಷರದಲ್ಲಿ ಒಂದು ಚೀಟಿ ಬರೆದು ಅಂಟಿಸಿದ್ದ. ಚೀಟಿ ಈಗಲೂ ಅಲ್ಲೇ ಇತ್ತು.

ಅವನು ನೇರವಾಗಿ ಹೆಡ್ ಗುಮಾಸ್ತರ ಮೇಜಿಗೆ ಹೋದ. ಸಂಜೆಯಾದರೆ ಕೋಣೆಯಿಂದ ಕೋಣೆಗೆ ಹೋಗಿ ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಆರಿಸಿದ್ದನ್ನು ಇನ್ನೊಮ್ಮೆ ಒತ್ತಿ ನೋಡಿ, ಆಮೇಲಷ್ಟೇ ಚಪ್ಪಲಿ ಮೆಟ್ಟುವ ಅವರನ್ನು ಬೆನ್ನ ಹಿಂದೆ ಎಲ್ಲರೂ ಸ್ವಿಚ್ಚುಸ್ವಾಮಿ ಅನ್ನುತ್ತಿದ್ದರು.

"ಸಾರ್, ಮೀಟಿಂಗ್ ರೂಮಿನ ಸ್ವಿಚ್ಚು ನೀವೇನಾ ಆಫ್ ಮಾಡಿದ್ದು?"

"ನಾನಲ್ದೆ ಇನ್ಯಾರು ಮಾಡ್ತಾರಪ್ಪಾ? ಈ ಆಫೀಸಲ್ಲಿ ಜವಾಬ್ದಾರಿ ಯಾರಿಗಿದೆ ಹೇಳು."

"ಚೀಟಿ ಅಂಟಿಸಿದ್ನಲ್ಲ ಸಾರ್, ಕ್ಯಾಮೆರಾ ಆಫ್ ಮಾಡಬೇಡಿ ಅಂತ!"

"ಓದಿದೆ. ಕನ್ನಡಕ ಹಾಕ್ಕೊಂಡೇ ಓದಿದೆ. ಅದಕ್ಕೇ ಕ್ಯಾಮೆರಾನ ಬೆರಳಲ್ಲೂ ಮುಟ್ಲಿಲ್ಲ. ಗೋಡೆ ಸ್ವಿಚ್ಚು ಆರಿಸಿ ಬಂದೆ ಅಷ್ಟೇ."

ಪ್ಲಗ್ಗಪ್ಪ ಅವರ ಮುಖವನ್ನೇ ನೋಡಿದ. ಅಲ್ಲಿ ಕರ್ತವ್ಯ ಮುಗಿಸಿದವರ ನೆಮ್ಮದಿಯ ಹೊರತು ಏನೂ ಕಾಣಲಿಲ್ಲ. ಮೀಟಿಂಗ್ ರೂಮಿಗೆ ವಾಪಸು ಬಂದ.

ಬೇರೆ ಯಾವ ದಿನವಾದರೂ ಅವನು ಕ್ಯಾಮೆರಾವನ್ನು ಡಬ್ಬದಲ್ಲಿ ಹಾಕಿ ಕಂಪನಿಗೆ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದ. ಇವತ್ತು ಹಾಗಲ್ಲ. ಮಧ್ಯಾಹ್ನ ಮೂರಕ್ಕೆ ಮುಖ್ಯ ಕಚೇರಿಯ ದೊಡ್ಡ ಸಾಹೇಬರು ವರ್ಗಾವಣೆ ಅರ್ಜಿಗಳ ವಿಚಾರಣೆ ಇಟ್ಟಿದ್ದರು. ಅರ್ಜಿ ಹಾಕಿದವರು ಶಾಖೆಯ ಕ್ಯಾಮೆರಾದಲ್ಲೇ ಮುಖ ತೋರಿಸಬೇಕು, ಸ್ವಂತ ಫೋನು ನಡೆಯದು, ಮುಖ ಕಾಣದಿದ್ದರೆ ಮುಂದಿನ ಅವಕಾಶ ಮೂರು ವರ್ಷದ ಮೇಲೆ ಎಂದು ಸುತ್ತೋಲೆಯಲ್ಲಿ ಸ್ಪಷ್ಟವಾಗಿತ್ತು. ಅರ್ಜಿ ಹಾಕಿದವರಲ್ಲಿ ಪ್ಲಗ್ಗಪ್ಪನೂ ಒಬ್ಬ.

ಅವನ ಹೆಂಡತಿಯದೂ ಅದೇ ಕಂಪನಿ, ಅದೇ ಕೆಲಸ. ಆದರೆ ಶಾಖೆ ಬೇರೆ, ಬಸ್ಸಿನಲ್ಲಿ ಒಂಬತ್ತು ಗಂಟೆ ದೂರ. ಮದುವೆಯಾಗಿ ನಾಲ್ಕು ವರ್ಷ. ಒಂದೇ ಸೂರಿನಡಿ ಕಳೆದ ದಿನಗಳನ್ನೆಲ್ಲ ಒಟ್ಟುಗೂಡಿಸಿದರೆ ಶಾಲೆಯ ಬೇಸಿಗೆ ರಜೆಯಷ್ಟೂ ಆಗುತ್ತಿರಲಿಲ್ಲ. ಶಾಖೆಗೆ ಒಬ್ಬರೇ ರಿಪೇರಿಯವರು ಎಂಬ ನಿಯಮದಿಂದ ಮೂರು ಸಲ ಅವನ ಅರ್ಜಿ ವಾಪಸು ಬಂದಿತ್ತು. ಮೂರು ಸಲವೂ ಅವಳು ಅವನ ಅಂಗಿಗಳಿಗೆಂದು ಬೀರುವಿನ ಅರ್ಧ ಖಾಲಿ ಮಾಡಿ, ಮತ್ತೆ ತನ್ನ ಬಟ್ಟೆ ತುಂಬಿಕೊಂಡಿದ್ದಳು. ಈ ವರ್ಷ ದೊಡ್ಡ ಶಾಖೆಗಳಿಗೆ ಎರಡನೇ ಹುದ್ದೆ ಮಂಜೂರಾಗುತ್ತದಂತೆ ಎಂಬ ಸುದ್ದಿ ಹಿಡಿದು ನಾಲ್ಕನೇ ಸಲ ಅರ್ಜಿ ಹಾಕಿದ್ದ. ಅವಳಿಗೆ ಮಾತ್ರ ಹೇಳಿರಲಿಲ್ಲ. ಆದೇಶದ ಕಾಗದ ಹಿಡಿದೇ ಬಾಗಿಲು ತಟ್ಟುತ್ತೇನೆ, ಬೀರು ಆಮೇಲೆ ಖಾಲಿ ಮಾಡಲಿ ಅಂದುಕೊಂಡಿದ್ದ.

ಹನ್ನೊಂದು ಗಂಟೆಗೆ ಮ್ಯಾನೇಜರು ಕಾಫಿ ಲೋಟದ ಸಮೇತ ಬಂದರು.

"ಏನಪ್ಪಾ, ಇನ್ನೂ ಮಲಗೇ ಇದೆಯಾ ನಿನ್ನ ಕ್ಯಾಮೆರಾ?"

"ಏಳ್ತಾ ಇದೆ ಸಾರ್, ಬೀಳ್ತಾ ಇದೆ."

"ಎರಡು ಏಟು ಬಿಡು. ನಮ್ಮನೆ ಟೀವಿ ಹಾಗೇ ದಾರಿಗೆ ಬಂದಿದ್ದು." ಮಾತು ಮುಗಿಯುವ ಮೊದಲೇ ಅವರೇ ಕ್ಯಾಮೆರಾದ ನೆತ್ತಿಗೆ ಒಂದು ಬಿಟ್ಟರು. ಕೆಂಪು ದೀಪ ಮೂರರ ಬದಲು ಐದು ಸಲ ಮಿಟುಕಿಸಿತು. "ನೋಡಿದ್ಯಾ? ಸುಧಾರಿಸ್ತು!" ಎಂದು ಖುಷಿಯಿಂದ ಹೊರಟುಹೋದರು.

ಪ್ಲಗ್ಗಪ್ಪ ಕ್ಯಾಮೆರಾ ಕಂಪನಿಯ ಸಹಾಯವಾಣಿಗೆ ಫೋನು ಮಾಡಿದ. ನಲವತ್ತು ನಿಮಿಷ ಕೊಳಲು ಕೇಳಿದ ಮೇಲೆ ಒಂದು ಹೆಣ್ಣು ದನಿ ಸಿಕ್ಕಿತು. ಅವನು ಮೊದಲಿಂದ ಎಲ್ಲ ವಿವರಿಸಿದ.

"ಅರ್ಥ ಆಯ್ತು ಸರ್. ತೊಂದರೆ ಏನು ಅಂತ ನಾವು ಕಣ್ಣಾರೆ ನೋಡ್ಬೇಕಾಗುತ್ತೆ. ದಯವಿಟ್ಟು ನಿಮ್ಮ ಕ್ಯಾಮೆರಾ ಆನ್ ಮಾಡ್ತೀರಾ?"

"ಅದು ಆನ್ ಆಗ್ತಿಲ್ಲ ಅಂತಾನೇ ಫೋನ್ ಮಾಡಿದ್ದು ಕಣಮ್ಮಾ."

"ಖಂಡಿತ ಸರ್. ಆನ್ ಆದ ತಕ್ಷಣ ಮತ್ತೆ ಕರೆ ಮಾಡಿ, ಸರಿಮಾಡೋಣ."

ಫೋನು ಕೆಳಗಿಟ್ಟು ಅವನು ಕುರ್ಚಿಯಲ್ಲಿ ಕುಸಿದ. ಊಟದ ಡಬ್ಬಿ ತೆಗೆಯುವ ಮನಸ್ಸೂ ಆಗಲಿಲ್ಲ. ಇನ್ನು ಉಳಿದದ್ದು ಒಬ್ಬಳೇ. ಗುಟ್ಟು ಬಿಡದ ಹಾಗೆ ಮಾತಾಡಬೇಕು ಎಂದುಕೊಂಡು ಹೆಂಡತಿಗೆ ಫೋನು ಹಚ್ಚಿದ.

"ಹೇಳಿ ಬೇಗ, ಕೈ ತುಂಬ ಕೆಲಸ ಇದೆ," ಅಂದಳು ಅವಳು.

"ನಿಮ್ಮ ಶಾಖೆ ಕ್ಯಾಮೆರಾ ಎದ್ದಿದೆಯೇನೇ?"

"ಇಲ್ಲೂ ನೆಲಕಚ್ಚಿತ್ತು ಕಣ್ರೀ. ಬೆಳಗ್ಗಿಂದ ಗುದ್ದಾಡಿ ಈಗ ತಾನೆ ಎಬ್ಬಿಸಿದೆ. ಕೇಳಿ, ಹಳೇ ಫರ್ಮ್‌ವೇರ್ ಫೈಲನ್ನ ಒಂದು ಖಾಲಿ ಪೆನ್ ಡ್ರೈವಿಗೆ ಹಾಕಿ. ಖಾಲಿ ಅಂದ್ರೆ ಪೂರ್ತಿ ಖಾಲಿ. ಕ್ಯಾಮೆರಾ ಬೆನ್ನಿಗೆ ಚುಚ್ಚಿ. ಪಕ್ಕದಲ್ಲಿ ಸಣ್ಣ ತೂತಿದೆಯಲ್ಲ, ಅದರೊಳಗೆ ಪಿನ್ನಲ್ಲಿ ಒತ್ತಿ ಹಿಡಿದು ಕರೆಂಟು ಕೊಡಿ. ಮೂವತ್ತು ಎಣಿಸೋವರೆಗೂ ಬಿಡಬೇಡಿ. ಇಪ್ಪತ್ತೊಂಬತ್ತಕ್ಕೆ ಬಿಟ್ರೂ ಮೊದಲಿಂದ. ದೀಪ ಹಳದಿ ಆದ್ರೆ ಗೆದ್ರಿ."

"ನೀನಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ."

"ಅದಿರ್ಲಿ, ಇಷ್ಟೊಂದು ಅವಸರ ಯಾಕೆ? ಏನಾದ್ರೂ ವಿಶೇಷನಾ?"

"ಏನಿಲ್ಲಪ್ಪ. ಮ್ಯಾನೇಜರ್ ಕಾಟ. ನಿನಗ್ಯಾಕೆ ಅವಸರ?"

"ನನಗೂ ಅದೇ. ಮ್ಯಾನೇಜರ್ ಕಾಟ." ಅವಳು ಫೋನಿಟ್ಟಳು.

ಆಫೀಸಿನಲ್ಲಿ ಇದ್ದದ್ದು ಒಂದೇ ಪೆನ್ ಡ್ರೈವು, ಅದೂ ಬಾಗಿಲ ಬಳಿ ಬಂದವರನ್ನು ವಿಚಾರಿಸುವ ಮೇಜಿನ ಅಕ್ಕನದು. ಅದರಲ್ಲಿ ಅವಳ ತಮ್ಮನ ಮದುವೆಯ ಎರಡು ಸಾವಿರ ಫೋಟೋಗಳಿದ್ದವು.

"ಅಕ್ಕಾ, ನನ್ನ ಕಂಪ್ಯೂಟರಿಗೆ ಎಲ್ಲಾ ಇಳಿಸಿಕೊಂಡು ಆಮೇಲೆ ಇದನ್ನ ಖಾಲಿ ಮಾಡ್ತೀನಿ. ಒಂದೂ ಹೋಗಲ್ಲ, ನನ್ನ ಮಾತು ನಂಬಿ."

"ನಂಬ್ತೀನಪ್ಪ. ಆದ್ರೂ ಎಲ್ಲಾ ಬಂದಿದೆಯಾ ಅಂತ ಒಂದ್ಸಲ ನೋಡಿಬಿಡ್ತೀನಿ," ಎಂದು ಅಕ್ಕ ಅವನ ಕುರ್ಚಿಯಲ್ಲೇ ಕೂತಳು. "ಇದು ನಮ್ಮ ಚಿಕ್ಕಮ್ಮ. ಮೂತಿ ನೋಡು, ಊಟ ಸರಿಯಿಲ್ಲ ಅಂತ ಬೆಳಗ್ಗಿಂದ ಹೀಗೇ. ಇದು ಹುಡುಗಿ ಸೋದರಮಾವ, ಯಾವ ಫೋಟೋದಲ್ಲಿ ನೋಡಿದ್ರೂ ನಡುವೆ ನಿಂತಿದಾನೆ. ಇದು ಯಾರು? ಇದು ಯಾರೋ ಗೊತ್ತಿಲ್ಲ. ಎರಡು ಹೊತ್ತೂ ಊಟ ಮಾಡಿದಾನೆ."

ಸೋದರಮಾವ ಕೊನೆಯ ಫೋಟೋದಿಂದ ಆಚೆ ಹೋಗುವ ಹೊತ್ತಿಗೆ ಗಡಿಯಾರದಲ್ಲಿ ಎರಡೂ ಹತ್ತು. ಪಿನ್ನಿಗಾಗಿ ಅಕ್ಕನೇ ತಲೆಯಿಂದ ಒಂದು ಹೇರ್‌ಪಿನ್ನು ಕಿತ್ತು ಕೊಟ್ಟಳು.

ಪ್ಲಗ್ಗಪ್ಪ ಟೀವಿಯ ಹಿಂದೆ ನುಸುಳಿ, ಒಂದು ಕೈಯಲ್ಲಿ ಪಿನ್ನು ಒತ್ತಿ, ಇನ್ನೊಂದು ಕೈಯಲ್ಲಿ ಸ್ವಿಚ್ಚು ಹಾಕಿ ಎಣಿಸತೊಡಗಿದ. ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳು. "ಆಯ್ತೇನೋ?" ಎಂದು ಮ್ಯಾನೇಜರು ಬೆನ್ನಿಗೆ ಗುದ್ದಿದರು. ಪಿನ್ನು ಜಾರಿತು. ಕೆಂಪು ದೀಪ.

ಎರಡನೇ ಸಲ ಹತ್ತೊಂಬತ್ತಕ್ಕೆ ಹೇರ್‌ಪಿನ್ನು ಬಗ್ಗಿತು. ಮೂರನೇ ಸಲ, ಉಸಿರು ಬಿಗಿಹಿಡಿದು ಇಪ್ಪತ್ತೆಂಟು ದಾಟುವಾಗ ಜೇಬಿನ ಫೋನು ಹೊಡೆದುಕೊಂಡಿತು. ದೊಡ್ಡ ಸಾಹೇಬರೇ ಇರಬಹುದೇನೋ ಎಂದು ಕೈಬಿಟ್ಟು ಎತ್ತಿದ. "ನಮಸ್ಕಾರ ಸರ್, ನಮ್ಮ ಸಹಾಯವಾಣಿಯ ಸೇವೆ ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ? ಒಂದರಿಂದ ಹತ್ತರೊಳಗೆ ಹೇಳಿ."

ಅವನು ಏನು ಹೇಳಿದನೋ, ಅಕ್ಕ ಕಿವಿ ಮುಚ್ಚಿಕೊಂಡಳು.

ನಾಲ್ಕನೇ ಸಲ ಅಕ್ಕನೇ ಅಧಿಕಾರ ವಹಿಸಿಕೊಂಡಳು. ಮ್ಯಾನೇಜರನ್ನು ಬಾಗಿಲ ಹೊರಗೆ ನಿಲ್ಲಿಸಿದಳು. ಏನು ಗಲಾಟೆ ಎಂದು ನೋಡಲು ಬಂದ ಸ್ವಿಚ್ಚುಸ್ವಾಮಿಯನ್ನು ಕೈಕಟ್ಟಿ ಕೂರಿಸಿದಳು. ಪ್ಲಗ್ಗಪ್ಪನ ಫೋನು ಕಿತ್ತುಕೊಂಡು ತಾನೇ ಗಟ್ಟಿಯಾಗಿ ಎಣಿಸಿದಳು. ಮೂವತ್ತು ಅನ್ನುತ್ತಲೇ ದೀಪ ಹಳದಿಯಾಯಿತು. ಟೀವಿಯ ಮೇಲೆ ತೆಳ್ಳಗಿನ ಒಂದು ಪಟ್ಟಿ ಮೂಡಿ ಇರುವೆಯ ಹಾಗೆ ತೆವಳತೊಡಗಿತು. ಇಪ್ಪತ್ತು ನಿಮಿಷ ಕರೆಂಟು ತೆಗೆಯಬಾರದು ಎಂದು ಅದರಡಿ ಬರೆದಿತ್ತು.

ಪ್ಲಗ್ಗಪ್ಪ ಸ್ವಿಚ್ಚಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ನಿಧಿಯ ಮೇಲೆ ಕೂತ ಸರ್ಪದ ಹಾಗೆ, ಆದರೆ ಹಸಿದ ಸರ್ಪ. ಎರಡು ನಿಮಿಷಕ್ಕೊಮ್ಮೆ ಸ್ವಿಚ್ಚುಸ್ವಾಮಿ ಬಾಗಿಲಲ್ಲಿ ಇಣುಕುತ್ತಿದ್ದರು.

"ಇಷ್ಟು ಬೆಳಕಿದೆ, ಆ ಮೂಲೆ ಟ್ಯೂಬ್ ಲೈಟಾದ್ರೂ..."

"ಸಾರ್, ಕೈ ಮುಗೀತೀನಿ. ಮೂರು ಗಂಟೆಯಾಗ್ಲಿ, ಇಡೀ ಆಫೀಸು ಆರಿಸಿ."

ಎರಡು ಐವತ್ತೇಳಕ್ಕೆ ಪಟ್ಟಿ ತುಂಬಿತು. ಕ್ಯಾಮೆರಾ ಕತ್ತು ತಿರುಗಿಸಿತು, ನೀಲಿ ದೀಪ ಹೊತ್ತಿಸಿತು, ಕಣ್ಣು ಬಿಟ್ಟಿತು. ಟೀವಿಯ ತುಂಬ ಬೂದಿಬಣ್ಣದ ಧೂಳು ಮೆತ್ತಿದ ಒಂದು ಮುಖ ಮೂಡಿತು. ಯಾರಪ್ಪಾ ಇದು ಎಂದು ಬೆಚ್ಚಿ, ಆಮೇಲೆ ತಾನೇ ಎಂದು ಗೊತ್ತಾಗಿ ಪ್ಲಗ್ಗಪ್ಪ ಕರವಸ್ತ್ರ ತೆಗೆದ.

ಮೂರಕ್ಕೆ ಸರಿಯಾಗಿ ದೊಡ್ಡ ಸಾಹೇಬರು ತೆರೆಯ ಮೇಲೆ ಬಂದರು.

"ಭೇಷ್! ನಿನ್ನೆ ಸಂಜೆ ಎಲ್ಲ ಶಾಖೇಲೂ ಯಾರೋ ಒಬ್ಬರು ಜವಾಬ್ದಾರಿಯಿಂದ ಸ್ವಿಚ್ಚು ಆರಿಸಿದಾರೆ. ಹದಿನಾಲ್ಕು ಶಾಖೆಯಲ್ಲಿ ಎರಡೇ ಎರಡು ಕ್ಯಾಮೆರಾ ಎದ್ದಿರೋದು. ನಿಮ್ಮದು, ಮತ್ತೆ ಇವರದು."

ಪಕ್ಕದಲ್ಲಿ ಇನ್ನೊಂದು ಚೌಕ ಹೊತ್ತಿಕೊಂಡಿತು. ಅದರಲ್ಲಿ, ಕೆನ್ನೆಗೆ ಧೂಳು ಮೆತ್ತಿಕೊಂಡು ಅವನ ಹೆಂಡತಿ ಕೂತಿದ್ದಳು. ಅವನನ್ನು ಕಂಡು ಅವಳ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು.

"ಎರಡನೇ ಹುದ್ದೆ ವಿಚಾರ ಬಿದ್ದುಹೋಯ್ತು," ಅಂದರು ಸಾಹೇಬರು ಕಾಗದ ಮಗುಚುತ್ತ. "ಹಾಗಾಗಿ ಎಲ್ಲ ಅರ್ಜಿ ವಾಪಸ್ ಕಳಿಸೋಣ ಅಂತಿದ್ದೆ. ಆದ್ರೆ ನಿಮ್ಮಿಬ್ಬರ ಅದೃಷ್ಟ ನೋಡಿ. ನೀವು ಅವರ ಶಾಖೆ ಕೇಳಿದೀರಿ. ಅವರು ಮೊದಲನೇ ಸಲ ಅರ್ಜಿ ಹಾಕಿದಾರೆ, ಅದೂ ನಿಮ್ಮ ಶಾಖೆಗೇ! ಇಬ್ಬರದೂ ಕಾರಣ ಕೌಟುಂಬಿಕ. ಇಂಥ ಜೋಡಿ ಹುಡುಕಿದ್ರೂ ಸಿಗಲ್ಲ. ಪರಸ್ಪರ ವರ್ಗಾವಣೆ. ಇಬ್ಬರಲ್ಲಿ ಒಬ್ಬರು ಹಾಜರಿಲ್ದಿದ್ರೂ ಆಗ್ತಿರಲಿಲ್ಲ."

"ಸಾರ್, ಅವಳು ನನ್ನ..." ಅಂದ ಪ್ಲಗ್ಗಪ್ಪ.

"ಸರ್, ಅವರು ನಮ್ಮ..." ಅಂದಳು ಅವಳು.

ಇಬ್ಬರ ದನಿಯೂ ಒಂದರ ಮೇಲೊಂದು ಬಿದ್ದು ಗೊರಗೊರ ಎಂದಿತು.

"ಇರ್ಲಿ ಇರ್ಲಿ, ಥ್ಯಾಂಕ್ಸ್ ಎಲ್ಲ ಬೇಡ. ಸಹಿ ಆಯ್ತು. ಶನಿವಾರ ಇಬ್ಬರೂ ಹೊಸ ಜಾಗದಲ್ಲಿ ಹಾಜರಾಗಿ. ಇನ್ನು ಮೂರು ವರ್ಷ ಅರ್ಜಿ ಅಂತ ನನ್ನ ಹತ್ರ ಬರಬೇಡಿ ಅಷ್ಟೇ." ಸಾಹೇಬರು ನಗುತ್ತ ಮಾಯವಾದರು. ಪಕ್ಕದ ಚೌಕವೂ ಆರಿತು.

ಮ್ಯಾನೇಜರು ಓಡಿಬಂದು ಕೈ ಕುಲುಕಿದರು. "ನಾನು ಬೆಳಗ್ಗೆ ಬಿಟ್ಟ ಏಟಿನ ಫಲ ಇದು, ನೆನಪಿಟ್ಕೋ."

ಅಕ್ಕ ಅವನ ಫೋನು ತಂದು ಕೈಗಿತ್ತಳು. ಅದು ಹೊಡೆದುಕೊಳ್ಳುತ್ತಿತ್ತು.

ಹೆಂಡತಿಯದೇ ಕರೆ.

"ನೀವು ಹೇಳಬಾರದಿತ್ತಾ?" ಅಂದಳು.

"ನೀನು?"

"ನೀವು ಮೂರು ಸಲ ಸೋತ್ರಲ್ಲ, ಈ ಸಲ ನಾನೇ ಬಂದು ಬಾಗಿಲು ತಟ್ಟೋಣ ಅಂತಿದ್ದೆ ಕಣ್ರೀ."

ಪ್ಲಗ್ಗಪ್ಪ ಗೋಡೆಗೆ ಒರಗಿದ. ಬೈಯಲು ಯಾರೂ ಸಿಗಲಿಲ್ಲ.

"ನನ್ನ ಬಚ್ಚಲುಮನೆ ನಲ್ಲಿ ಸೋರುತ್ತೆ," ಅಂದ. "ಎಡಕ್ಕೆ ಸ್ವಲ್ಪ ಒತ್ತಿ ತಿರುಗಿಸ್ಬೇಕು."

"ಇಲ್ಲಿ ಕಿಟಕಿ ಚಿಲಕ ಕೂರಲ್ಲ. ಕಾಗದ ಮಡಚಿ ಸಿಕ್ಕಿಸಿ."

"ಶುಕ್ರವಾರ ಬೆಳಗ್ಗೆ ಎಂಟರ ಬಸ್ಸಿಗೆ ಹೊರಡ್ತೀಯಾ?"

"ಹೂಂ. ನೀವೂ ಎಂಟಕ್ಕೇ ತಾನೆ? ಹಾಗಾದ್ರೆ ಹನ್ನೆರಡೂವರೆ ಸುಮಾರಿಗೆ ಎರಡು ಬಸ್ಸೂ ಎದುರಾಗುತ್ತೆ." ಅವಳೇ ಮುಂದುವರಿಸಿದಳು: "ಬಲಗಡೆ ಕಿಟಕಿ ಸೀಟು ಹಿಡ್ಕೊಳ್ಳಿ. ನಾನೂ ಬಲಗಡೆನೇ ಕೂತಿರ್ತೀನಿ. ನಿದ್ದೆ ಮಾಡ್ಬಿಟ್ಟೀರಿ ಮತ್ತೆ."