ಬ್ರದರ್ ಕಣ್ಣು ಮುಚ್ಚಿದ ದಿನ

ಬ್ರದರ್ ಕಣ್ಣು ಮುಚ್ಚಿದ್ದೇ ದೊಡ್ಡ ತಪ್ಪಾಯಿತು.

ಗಂಡಸರ ವಾರ್ಡಿನಲ್ಲಿ ವರ್ಷಗಟ್ಟಲೆ ಶುಶ್ರೂಷೆ ಮಾಡಿಕೊಂಡು ಬಂದ ಅವನನ್ನು ರೋಗಿಗಳಿಂದ ಹಿಡಿದು ಡಾಕ್ಟರರವರೆಗೆ ಎಲ್ಲರೂ ಬ್ರದರ್ ಎಂದೇ ಕರೆಯುತ್ತಿದ್ದರು. ಯಾರು ಎಷ್ಟು ಸಲ ಕರೆದರೂ ‘ಬಂದೆ’ ಎನ್ನುತ್ತಿದ್ದನೇ ಹೊರತು ಮುಖ ಗಂಟಿಕ್ಕಿದವನಲ್ಲ. ಅಂಥವನು ಆ ಬೆಳಿಗ್ಗೆ ಮೇಟ್ರನ್ ಮುಂದೆ ನಿಂತು ರಜೆ ಕೇಳಿದ.

“ತುಂಬಾ ಸುಸ್ತಾಗಿದೆ ಮೇಡಂ. ಮಗಳಿಗೆ ಸಮುದ್ರ ತೋರಿಸ್ತೀನಿ ಅಂತ ಹೇಳಿ ಹೇಳಿ ನನಗೇ ನಾಚಿಕೆ ಆಗ್ತಿದೆ. ಸಂಜೆ ಬಸ್ಸಿಗೆ ಸೀಟೂ ಬುಕ್ ಮಾಡಿಸಿದೀನಿ. ಎರಡೇ ದಿನ.”

“ಸುಸ್ತು ಯಾರಿಗಿಲ್ಲಪ್ಪ? ಅದಕ್ಕೇ ತಾನೇ ಧ್ಯಾನದ ಮೇಷ್ಟ್ರನ್ನ ಕರೆಸಿರೋದು! ಎಲ್ಲರದ್ದೂ ಆಯ್ತು, ನೀನೊಬ್ಬನೇ ಬಾಕಿ. ಮಧ್ಯಾಹ್ನ ಅರ್ಧ ಗಂಟೆ ಕೂತ್ಕೋ. ಆಮೇಲೂ ಸುಸ್ತು ಅನ್ನಿಸಿದ್ರೆ ಧಾರಾಳವಾಗಿ ಹೋಗು. ಮಧ್ಯೆ ಕಣ್ಣು ಬಿಟ್ಟೆಯೋ, ಲೆಕ್ಕಕ್ಕಿಲ್ಲ. ನಾಳೆ ಮತ್ತೆ ಮೊದಲಿಂದ.”

ನಾಳೆ ಎಂದರೆ ಬಸ್ಸು ಹೋದ ಹಾಗೇ. ಬ್ರದರ್ ಹಲ್ಲು ಕಚ್ಚಿ ಒಪ್ಪಿದ.

ಮಧ್ಯಾಹ್ನ ಮೇಷ್ಟ್ರು ಅವನನ್ನು ಡ್ಯೂಟಿ ರೂಮಿನ ಕುರ್ಚಿಯಲ್ಲಿ ಕೂರಿಸಿದರು. “ಏನೇ ಆದ್ರೂ ಸುಮ್ನೆ ಗಮನಿಸಿ. ಶಬ್ದ ಬಂದ್ರೆ ಬರಲಿ, ನೋವು ಬಂದ್ರೆ ಬರಲಿ. ನಿಮ್ಮ ಪಾಡಿಗೆ ಉಸಿರಾಟ ನೋಡ್ತಾ ಇರಿ. ನಾನು ಬಂದು ಸಾಕು ಅಂತೀನಿ,” ಎಂದು ಊಟಕ್ಕೆ ಹೊರಟರು.

ಸ್ವಲ್ಪ ಹೊತ್ತಿಗೇ ಒಳಗೆ ಬಂದವಳು ಗಡಿಬಿಡಿ ಸಿಸ್ಟರ್. ಅದೇ ವಾರ್ಡಿನವಳು. ರೋಗಿ ಕೆಮ್ಮಿದರೂ ಓಡುವವಳು, ಕೆಮ್ಮದಿದ್ದರೆ ಯಾಕೆ ಕೆಮ್ಮಲಿಲ್ಲವೆಂದು ಓಡುವವಳು. ನಗಬೇಡಿ, ಅವಳು ಹಾಗೆ ಓಡಿದ್ದರಿಂದಲೇ ಉಳಿದುಕೊಂಡ ಜೀವಗಳು ಎಷ್ಟೋ ಇದ್ದವು.

“ಅಣ್ಣಾ, ಬೀರುವಿನ ಕೀ ಎಲ್ಲಿ?”

ಬ್ರದರ್ ಉಸಿರಾಟ ನೋಡುತ್ತ ಕೂತೇ ಇದ್ದ.

“ಅಣ್ಣಾ! ಬ್ರದರ್ ಅಣ್ಣಾ!”

ಇಷ್ಟು ವರ್ಷದಲ್ಲಿ ಈ ಮನುಷ್ಯ ಕರೆದರೆ ಓಗೊಡದೇ ಇದ್ದದ್ದನ್ನು ಅವಳು ಕಂಡೇ ಇರಲಿಲ್ಲ. ಧ್ಯಾನವೆಂಬ ಯೋಚನೆ ಅವಳ ಹತ್ತಿರವೂ ಸುಳಿಯಲಿಲ್ಲ. ಪ್ರಜ್ಞೆ ತಪ್ಪಿದವರನ್ನು ಪರೀಕ್ಷಿಸುವಂತೆ ಮುಷ್ಟಿ ಕಟ್ಟಿ ಬೆರಳ ಗೆಣ್ಣಿನಿಂದ ಅವನ ಎದೆಮೂಳೆಯನ್ನು ಗಸಗಸ ಉಜ್ಜಿದಳು. ಸತ್ತವನೂ ಎದ್ದು ಬೈಯುವಂಥ ನೋವು ಅದು. ನೋವು ಬಂತು, ಬರಲಿ, ಎಂದುಕೊಂಡ ಬ್ರದರ್. ಕಣ್ಣಮುಂದೆ ಇದ್ದದ್ದು ಸಮುದ್ರವೊಂದೇ.

“ಅಯ್ಯಯ್ಯೋ, ಎಷ್ಟು ನಿಧಾನ ಉಸಿರಾಡ್ತಿದಾನೆ! ಡಾಕ್ಟ್ರೇ! ಆಯಾ! ಸ್ಟ್ರೆಚರ್ ತನ್ನಿ!”

ಮುಂದಿನದೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಯಿತು. ಬ್ರದರ್ ಮಾತ್ರ ತೆರೆಯಲಿಲ್ಲ. ಡಾಕ್ಟರ್ ಓಡಿ ಬಂದರು. ಅವನೇ ಬೆಳಿಗ್ಗೆ ಚಾದರ ಹಾಸಿದ್ದ ಮಂಚದ ಮೇಲೆ ಅವನನ್ನೇ ಮಲಗಿಸಿದರು. ಮೂಗಿಗೆ ಆಕ್ಸಿಜನ್, ತೋಳಿಗೆ ಬಿ.ಪಿ. ಪಟ್ಟಿ, ಎದೆತುಂಬ ಇಸಿಜಿ ಸ್ಟಿಕರು. ಪಕ್ಕದ ಮಂಚದ ತಾತ ತನ್ನ ಕಂಬಳಿ ತಂದು ಅವನಿಗೆ ಹೊದಿಸಿದ.

“ಹೆತ್ತ ಮಕ್ಕಳೂ ಇಷ್ಟು ನೋಡ್ಕೊಳ್ಳಲ್ಲ ಕಣ್ರೀ. ನನ್ನ ಆಯುಸ್ಸು ಬೇಕಾದ್ರೆ ತಗೊಳ್ಳಲಿ, ಈ ಮಗ ಏಳ್ಲಿ,” ಎಂದು ಅಳತೊಡಗಿದ.

ಬ್ರದರ್ ಎದೆ ತುಂಬಿ ಬಂತು. ತನ್ನನ್ನು ಯಾರೂ ಗಮನಿಸುವುದಿಲ್ಲವೆಂದು ಅವನು ಅದೆಷ್ಟೋ ದಿನ ಕೊರಗಿದ್ದುಂಟು. ಈಗ ನೋಡಿದರೆ ವಾರ್ಡಿಗೆ ವಾರ್ಡೇ ಅವನ ಸುತ್ತ ನಿಂತಿತ್ತು. ಮುಚ್ಚಿದ ಕಣ್ಣಿಂದ ನೀರು ಹರಿಯಿತು.

“ಕಣ್ಣೀರು ಬರ್ತಿದೆ! ಜೀವ ಇದೆ!” ಎಂದು ಸಿಸ್ಟರ್ ಕಿರುಚಿದಳು.

ಅಷ್ಟರಲ್ಲಿ ಮೇಷ್ಟ್ರು ಕೈ ಒರೆಸಿಕೊಳ್ಳುತ್ತ ಬಂದವರು ದಂಗಾಗಿ ನಿಂತರು. “ಅಯ್ಯೋ, ಅವರು ಧ್ಯಾನದಲ್ಲಿದಾರೆ ಕಣ್ರೀ! ಸಾಕು ಬ್ರದರ್, ಸಾಕು!”

ಬ್ರದರ್ ಕಣ್ಣು ಬಿಟ್ಟು ಮುಗುಳ್ನಕ್ಕ. ಸಿಸ್ಟರ್ ಅವನನ್ನೊಮ್ಮೆ ನೋಡಿ, ತಲೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ಬ್ರದರನ ತೋಳಿನ ಪಟ್ಟಿ ಬಿಚ್ಚಿ ಡಾಕ್ಟರ್ ಅವಳ ತೋಳಿಗೆ ಕಟ್ಟಿದರು.

ಗದ್ದಲ ಕೇಳಿ ಮೇಟ್ರನ್ ಬಂದರು. ಮೇಷ್ಟ್ರು ಹೆಮ್ಮೆಯಿಂದ, “ಇಂಥ ಶಿಷ್ಯ ನನಗೆ ಸಿಕ್ಕೇ ಇರ್ಲಿಲ್ಲ ಮೇಡಂ,” ಎಂದರು.

“ಹಾಗಿದ್ರೆ ರಜೆ...” ಎಂದು ಬ್ರದರ್ ಎದ್ದು ಕೂತ.

ಡಾಕ್ಟರ್ ಇಸಿಜಿ ಕಾಗದ ಎತ್ತಿ ಹಿಡಿದರು. “ರಜೆ ಯಾಕಯ್ಯಾ? ಬಿ.ಪಿ., ನಾಡಿ, ಎದೆಬಡಿತ ಎಲ್ಲಾ ಗಡಿಯಾರದ ಥರ ಇದೆ. ಈ ಆಸ್ಪತ್ರೇಲಿ ಸುಸ್ತಿಲ್ಲದೋನು ಅಂದ್ರೆ ನೀನೊಬ್ನೇ. ಪಾಪ, ಈ ಸಿಸ್ಟರ್ ಬಿ.ಪಿ. ನೋಡು, ಮುಗಿಲು ಮುಟ್ಟಿದೆ. ಇವಳಿಗೆ ಎರಡು ದಿನ ವಿಶ್ರಾಂತಿ ಬೇಕೇ ಬೇಕು.”

“ಆಗಲಿ,” ಎಂದರು ಮೇಟ್ರನ್. “ಅವಳ ಡ್ಯೂಟೀನೂ ಬ್ರದರೇ ನೋಡ್ಕೊಳ್ಳಲಿ. ಅಷ್ಟು ಶಾಂತವಾಗಿರೋರು ಇನ್ಯಾರಿದಾರೆ?”

ಬ್ರದರಿಗೆ ಅಳು ಬಂತು, ಸಿಟ್ಟೂ ಬಂತು. ಆದರೆ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಸಿಸ್ಟರನ್ನು ಕಂಡಾಗ ಎರಡೂ ಇಳಿದವು. ತನಗೋಸ್ಕರವೇ ಅಲ್ಲವೇ ಅವಳು ಓಡಿದ್ದು?

“ಮನೇಲಿ ಒಬ್ಬಳೇ ಕೂತು ಏನು ಮಾಡ್ಲಿ ಅಣ್ಣಾ?” ಎಂದಳು ಅವಳು, ಅಪರಾಧಿಯ ಹಾಗೆ.

“ಸಮುದ್ರ ನೋಡಿದೀಯಾ?”

“ಇಲ್ಲ.”

“ನಮ್ಮನೆಯವಳಿಗೆ ಫೋನ್ ಮಾಡ್ತೀನಿ. ಸಂಜೆ ಬಸ್ಸಲ್ಲಿ ನನ್ನ ಸೀಟಲ್ಲಿ ಕೂತು ಅವರ ಜೊತೆ ಹೋಗಿ ಬಾ. ಮಗಳು ನೀರಿಗಿಳಿದ್ರೆ ಕೈ ಬಿಡಬೇಡ.”

ಅವಳು ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ, ಓಡಿಕೊಂಡೇ ಹೋದಳು. ಬ್ರದರ್ ಅವಳ ಸರದಿಯ ಇಂಜೆಕ್ಷನ್ ಟ್ರೇ ಜೋಡಿಸತೊಡಗಿದ. ಎದೆಗೆ ಅಂಟಿದ್ದ ಸ್ಟಿಕರು ಕೀಳುವುದಕ್ಕೂ ಅವನಿಗೆ ಪುರುಸೊತ್ತಾಗಲಿಲ್ಲ.