ಕುರ್ಚಿಯಲ್ಲಿ ಕೂತು ಮದುವೆಗೆ ಕರೆದದ್ದು

ಮಗಳ ಮದುವೆಗೆ ಊರೂರು ಅಲೆದು ಕರೆಯುವುದು ಹಳೇ ಕಾಲದ ಪದ್ಧತಿ ಎಂದು ನಾನು ಘೋಷಿಸಿದ್ದು ಕಡೂರಿನ ನಮ್ಮ ನಡುಮನೆಯಲ್ಲಿ, ಎರಡನೇ ಕಾಫಿ ಕುಡಿಯುತ್ತಾ. ನಾನು ಬೀಜದ ಕಂಪನಿಯೊಂದರ ಮಾರಾಟ ವಿಭಾಗದವನು. ದೂರದೂರಿನ ತಂಡಗಳನ್ನು ಕೂತಲ್ಲಿಂದಲೇ ಮುನ್ನಡೆಸುವುದು ಹೇಗೆಂದು ಕಂಪನಿ ನಮಗೆ ಆನ್‌ಲೈನ್ ತರಬೇತಿ ಕೊಟ್ಟಿತ್ತು. ಸರ್ಟಿಫಿಕೇಟೂ ಬಂದಿತ್ತು. ಇಂಥ ವಿದ್ಯೆಯನ್ನು ಬರೀ ಜೋಳದ ಬೀಜಕ್ಕೆ ಮೀಸಲಿಡುವುದು ಅನ್ಯಾಯವಲ್ಲವೇ!

"ಕುಂಕುಮ ಕೊಟ್ಟು ಕರೆಯೋಕೆ ಮನೆಯೋರೇ ಹೋಗ್ಬೇಕು ಕಣ್ರೀ," ಎಂದಳು ಹೆಂಡತಿ ಸರೋಜ.

"ಮನೆಯೋರೇ ಹೋಗ್ತಾರೆ ಕಣೇ. ನಾಯಕ ಹೋಗಲ್ಲ, ಅಷ್ಟೇ."

ತರೀಕೆರೆ ವಿಭಾಗದ ಮುಖ್ಯಸ್ಥನಾಗಿ ಸರೋಜಳ ತಮ್ಮ ನಾಗರಾಜನನ್ನು ನೇಮಿಸಿದೆ. ಅಜ್ಜಂಪುರ ವಿಭಾಗ ನನ್ನ ಅಕ್ಕ ಗಿರಿಜಮ್ಮನಿಗೆ. ಕೇಂದ್ರ ಕಚೇರಿ ನನ್ನ ಕುರ್ಚಿ! ಲಗ್ನಪತ್ರಿಕೆಯ ಕಟ್ಟುಗಳನ್ನು ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದೆ. ವಾಟ್ಸಾಪ್ ಗ್ರೂಪ್ ತೆರೆದೆ. ದಿನಾ ಬೆಳಿಗ್ಗೆ ವಿಡಿಯೋ ಸಭೆ ಕಡ್ಡಾಯ ಮಾಡಿದೆ.

ಮೊದಲ ಸಭೆಯಲ್ಲಿ ಅಕ್ಕನ ಕಿವಿ ಮಾತ್ರ ಕಾಣಿಸಿತು.

"ಅಕ್ಕಾ, ಫೋನ್ ಮುಖದ ಮುಂದೆ ಹಿಡ್ಕೋ!"

"ಮುಂದೆ ಹಿಡ್ದ್ರೆ ನೀನ್ ಹೇಳೋದು ನಂಗೆ ಹೆಂಗ್ ಕೇಳ್ತದೋ?"

ಆದರೂ ಕೆಲಸ ನಡೆಯಿತು. ನಾಗರಾಜ ರಜೆ ಹಾಕಿ ಬೈಕಿನಲ್ಲಿ ಸುತ್ತಿದ. ಅಕ್ಕ ಶಿವನಿಯಲ್ಲಿ ರೈಲಿಳಿದು ಮನೆಮನೆ ಹತ್ತಿದಳು, ಬುಕ್ಕಾಂಬುಧಿಯ ಕೆರೆ ಏರಿಯ ಮೇಲೆ ಮಂಡಿನೋವಿನಲ್ಲೇ ನಡೆದಳು. ತಂಡವನ್ನು ಹುರಿದುಂಬಿಸುವುದು ನಾಯಕನ ಕರ್ತವ್ಯವೆಂದು ತರಬೇತಿಯಲ್ಲಿ ಹೇಳಿದ್ದರು. ನಾನು ಗ್ರೂಪಿಗೆ ಹೆಬ್ಬೆರಳಿನ ಚಿತ್ರ ಕಳಿಸಿದೆ.

"ಎಲ್ಲಾರ್ನೂ ಕರೆದಾಯ್ತಾ?" ಎಂದು ಸರೋಜ ಕೇಳಿದಾಗ, "ಒಂದು ಮನೇನೂ ಬಿಟ್ಟಿಲ್ಲ" ಎಂದು ಬೀಗಿದೆ.

ಚಪ್ಪರದ ದಿನ ಮಧ್ಯಾಹ್ನವಾದರೂ ನಾಗರಾಜನ ಸುಳಿವಿಲ್ಲ. ಅಕ್ಕನೂ ಇಲ್ಲ. ಸೋದರಮಾವನಿಲ್ಲದೆ ಮದುವೆಯೇ? ಮರುದಿನ ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನೇ ಅವನು! "ಮಾವ ಬರ್ದೆ ನಾನು ಹಸೆಗೆ ಕೂರಲ್ಲ" ಎಂದು ಮಗಳು ಕಣ್ಣಲ್ಲಿ ನೀರು ತಂದುಕೊಂಡಳು. ಫೋನ್ ಮಾಡಿದೆ.

"ಎಲ್ಲಿದೀಯೋ ನಾಗರಾಜ?"

"ಮನೇಲಿ, ಭಾವ."

"ಮದುವೆ ನಾಳೆ ಕಣೋ!"

"ಗೊತ್ತು ಭಾವ. ಪತ್ರಿಕೆ ನಾನೇ ಹಂಚಿದ್ನಲ್ಲ. ಹಂಚೋಕೆ ಅಂತ ಕಟ್ಟು ಕಳ್ಸಿದ್ರಿ. ನಮ್ಮನೆಗೆ ಅಂತ ಒಂದು ಯಾರೂ ಕೊಡ್ಲಿಲ್ಲ. ಕರೀದೆ ಹೆಂಗ್ ಬರ್ಲಿ?"

ಎರಡು ತಾಲ್ಲೂಕನ್ನು ಕರೆದಿದ್ದೆ. ಕರೆಯಲು ಹೋದವರನ್ನೇ ಕರೆದಿರಲಿಲ್ಲ!

ನಾಯಕ ಧೃತಿಗೆಡಬಾರದು. ವಿಡಿಯೋ ಕಾಲ್ ಮಾಡಿ, ಫೋನಿಗೇ ಕುಂಕುಮ ಹಚ್ಚಿ, "ಈಗ ಕರೆದಿದೀನಿ, ಬಾರೋ" ಎಂದೆ. "ಎಲ್ಲಾ ಕೆಂಪಗೆ ಕಾಣ್ತಿದೆ ಭಾವ, ನಿಮ್ ಮುಖಾನೇ ಇಲ್ಲ" ಎಂದ ನಾಗರಾಜ. ಸರೋಜ ಫೋನ್ ಕಿತ್ತುಕೊಂಡು ಸೆರಗಿನಲ್ಲಿ ಒರೆಸಿ ವಾಪಸ್ ಕೈಗಿಟ್ಟಳು. ಜೊತೆಗೆ ಎಲೆ ಅಡಿಕೆ, ಕುಂಕುಮ, ಪತ್ರಿಕೆಯ ತಟ್ಟೆಯನ್ನೂ ಇಟ್ಟಳು.

"ನನ್ ತಮ್ಮ ಬರ್ದೇ ಇದ್ರೆ ನೀವೂ ಬರ್ಬೇಡಿ!"

ಬಾಡಿಗೆ ಕಾರು ಹತ್ತಿ ತರೀಕೆರೆಗೆ ಓಡಿದೆ. ನಾಗರಾಜ ಹೊಸ ಪಂಚೆ ಉಟ್ಟು ಜಗಲಿಯಲ್ಲಿ ಕೂತಿದ್ದ. ಅವನ ಹೆಂಡತಿ ರೇಷ್ಮೆ ಸೀರೆಯಲ್ಲಿದ್ದಳು. ಪಕ್ಕದಲ್ಲಿ ಕಟ್ಟಿಟ್ಟ ಚೀಲಗಳು. ಬೆಳಿಗ್ಗೆಯಿಂದ ದಾರಿ ಕಾಯುತ್ತಿದ್ದರು! ನನಗೆ ನಾಚಿಕೆಯಾಯಿತು, ದುಃಖವೂ ಆಯಿತು. ಪತ್ರಿಕೆ ಕೈಗಿಟ್ಟು, "ತಪ್ಪಾಯ್ತು ಕಣೋ, ಬಾ" ಎಂದೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಎದ್ದೇಬಿಟ್ಟ.

"ನಡೀರಿ ಭಾವ. ಅಜ್ಜಂಪುರದಲ್ಲಿ ನಿಮ್ಮಕ್ಕನೂ ಹಿಂಗೇ ಕೂತಿರ್ತಾರೆ."

ಅಜ್ಜಂಪುರದ ದಾರಿ ಹಿಡಿದೆವು. ಹಿಂದಿನ ಸೀಟಿನಲ್ಲಿ ಚೀಲಗಳ ನಡುವೆ ನಾನು ಸಿಕ್ಕಿಕೊಂಡಿದ್ದಾಗ ಸರೋಜಳ ವಿಡಿಯೋ ಕಾಲ್ ಬಂತು.

"ರೀ, ಬೀಗರು ಬಂದ್ಬಿಟ್ರು! ಎದುರುಗೊಳ್ಳೋಕೆ ಹೆಣ್ಣಿನಪ್ಪ ಎಲ್ಲಿ ಅಂತಾವ್ರೆ!"

ಉತ್ತರಕ್ಕೂ ಕಾಯದೆ ಫೋನನ್ನು ಅವರ ಮುಂದೆ ಹಿಡಿದಳು. ನಾನು ಚೀಲಗಳ ಸಂದಿಯಿಂದ ಎರಡೂ ಕೈ ಎಳೆದು ಮುಗಿದು, "ದಯವಿಟ್ಟು ಒಳಗೆ ಬ..." ಎನ್ನುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ಅಲ್ಲಿ ತೆರೆಯ ಮೇಲೆ ನನ್ನ ಬಾಯಿ ತೆರೆದೇ ನಿಂತಿತಂತೆ. ಬೀಗರು ಸ್ವಲ್ಪ ಹೊತ್ತು ಕಾದು, ಮುಚ್ಚುವ ಲಕ್ಷಣ ಕಾಣದೆ, ಆ ಬಾಯಿಗೇ ಕೈಮುಗಿದು ಒಳಗೆ ಹೋದರಂತೆ!