ಮಾವನವರ ಕಿವಿಪಟ್ಟಿ

ನಾನು ನಮ್ಮ ಮಾವನವರ ತಲೆಗೆ ಅಂಟು ಹಚ್ಚಿದವನು. ಸಿಟ್ಟಿನಿಂದ ಹಚ್ಚಿದ್ದಲ್ಲ, ಪ್ರೀತಿಯಿಂದ. ಆದರೆ ಅಂಟಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಹೊಸ ಅಳಿಯಂದಿರು ಮಾವನ ಮನೆಯಲ್ಲಿ ಮಾಡಬಹುದಾದ ತಪ್ಪುಗಳನ್ನು ಲೋಕ ಕ್ಷಮಿಸಿಕೊಂಡೇ ಬಂದಿದೆ: ಮಾವನ ಚಪ್ಪಲಿ ಮೆಟ್ಟಿಕೊಂಡು ಹೋಗುವುದು, ಎಲೆಯ ಮುಂದೆ ಕೂತು ತೂಕಡಿಸುವುದು, ಇಂಥವು. ನನ್ನದು ಆ ಸಾಲಿಗೆ ಸೇರುತ್ತದೋ ಇಲ್ಲವೋ ನೀವೇ ಹೇಳಬೇಕು.

ನಾನಾಗ ಮಧುಗಿರಿಯಲ್ಲಿ ವಕೀಲರೊಬ್ಬರ ಗುಮಾಸ್ತ. ಬಾಡಿಗೆ ಕೋಣೆಯಲ್ಲಿ ನಾನೇ ಬೇಯಿಸಿ, ನಾನೇ ಸೀಯಿಸಿ, ನಾನೇ ಉಣ್ಣುತ್ತಿದ್ದೆ. ಮದುವೆಯಾಗಿತ್ತು, ಆದರೆ ಹೆಂಡತಿ ಗಿರಿಜೆ ಕೊರಟಗೆರೆಯ ತವರಿನಲ್ಲೇ ಇದ್ದಳು. ಕಳಿಸಿಕೊಡಿ ಎಂದು ಕೇಳಲು ಹೋದಾಗಲೆಲ್ಲ ಮಾವನವರು ಪಂಚಾಂಗ ತೆಗೆಯುತ್ತಿದ್ದರು. ಮೊದಲು ಆಷಾಢ ಅಡ್ಡ ಬಂತು. ಆಮೇಲೆ ಪಿತೃಪಕ್ಷ. ಆಮೇಲೆ ಅತ್ತೆಯ ಮಂಡಿನೋವು. ಅದೂ ಪಂಚಾಂಗದಲ್ಲೇ ಸಿಕ್ಕಿತು. ಕೊನೆಗೆ ಧನುರ್ಮಾಸ. "ಸಂಕ್ರಾಂತಿ ಕಳೀಲಿ ಬುಡಿ ಅಳಿಯಂದ್ರೇ, ನೋಡಾನ" ಎಂದರು. ಈ ಹುಡುಗ ಸಂಸಾರ ಮಾಡುವ ಕುಳವೇ ಅಲ್ಲ ಎಂಬ ಅನುಮಾನ ಅವರಿಗೆ. ಅದು ಪಂಚಾಂಗದಲ್ಲಿರಲಿಲ್ಲ, ಮುಖದಲ್ಲಿತ್ತು.

ಮಾವನವರದು ಹುಣಸೆಹಣ್ಣಿನ ವ್ಯಾಪಾರ. ಧನುರ್ಮಾಸ ಪೂರ್ತಿ ಬೆಳಕು ಹರಿಯುವ ಮೊದಲೇ ತಲೆಗೆ ನೀರು ಹುಯ್ದುಕೊಂಡು ಈಶ್ವರನ ಗುಡಿಗೆ ಹೋಗುವ ವ್ರತ. ಬೆಟ್ಟದ ಗಾಳಿ ಒದ್ದೆ ತಲೆಗೆ ಬಡಿದು ಕಿವಿ ಸಿಡಿಯುತ್ತಿತ್ತು. ಶಾಲು ಹೊದೆಯಿರಿ ಎಂದರೆ, "ಸೆರಗು ಹೊದ್ದಂಗೆ ಕಾಣ್ತದೆ" ಎನ್ನುತ್ತಿದ್ದರು. ಅವತ್ತು ನನ್ನ ಬಾಯಿ ಸುಮ್ಮನಿರಬಹುದಾಗಿತ್ತು. "ನಾನೇ ಒಂದು ಉಣ್ಣೆ ಕಿವಿಪಟ್ಟಿ ಹೆಣೆದು ತರ್ತೀನಿ ಮಾವ. ನಡುವೆ ಜಡೆ ಹೆಣೆದಂಗೆ ಕಾಣ್ತದೆ, ನೋಡಿ" ಎಂದೆ. ಬಾಗಿಲ ಹಿಂದೆ ಗಿರಿಜೆ ಕೆಮ್ಮಿದಳು. ಅದು ನೆಗಡಿಯ ಕೆಮ್ಮಲ್ಲ.

ಆ ಧೈರ್ಯಕ್ಕೂ ಒಂದು ಕಾರಣವಿತ್ತು. ಯುದ್ಧದ ದಿನಗಳು, ಸಿಪಾಯಿಗಳಿಗೆಂದು ನಮ್ಮ ಮನೆಯೊಡತಿ ಸಾವಿತ್ರಮ್ಮನವರು ಕಾಲುಚೀಲ ಹೆಣೆಯುತ್ತಿದ್ದರು. ನಾನು ಎದುರಿಗೆ ಕೂತು ಉಣ್ಣೆಯ ಉಂಡೆ ಹಿಡಿಯುತ್ತಿದ್ದೆ. ಉಂಡೆ ಹಿಡಿದವನಿಗೆ ಹೆಣಿಗೆ ಬರುತ್ತದೆಂದು ನಾನು ನಂಬಿದ್ದೆ. ಮುರಿದ ಕೊಡೆಯ ಎರಡು ಬಿದಿರುಕಡ್ಡಿ ಉಜ್ಜಿ ನಯಮಾಡಿ ಶುರು ಮಾಡಿದೆ. ಜಡೆ ಬರಬೇಕಾದರೆ ಮೂರು ಕುಣಿಕೆಗಳನ್ನು ಮೂರನೆಯ ಕಡ್ಡಿಗೆ ದಾಟಿಸಿ ಮುಂದೆ ನಿಲ್ಲಿಸಿ, ಹಿಂದಿನ ಮೂರನ್ನು ಹೆಣೆದು, ಆಮೇಲೆ ಇವನ್ನು ಒಳಗೆ ಕರೆಯಬೇಕು. ಮೂರನೆಯ ಕಡ್ಡಿಯಾಗಿ ನಾನು ಇಟ್ಟುಕೊಂಡದ್ದು ಪೊರಕೆಕಡ್ಡಿ. "ಲೇ, ಒಂದ್ಸಲ ಮುಂದಕ್ಕೆ ನಿಲ್ಲುಸ್ತೀಯ, ಒಂದ್ಸಲ ಹಿಂದಕ್ಕೆ. ಇದು ಜಡೆ ಅಲ್ಲ ಕಣ್ಲಾ, ಎರಡು ಹಾವು ಜಗಳ ಆಡ್ತಾ ಅವೆ" ಎಂದರು ಸಾವಿತ್ರಮ್ಮನವರು. ಬಿಚ್ಚಿದೆ, ಹೆಣೆದೆ, ಮತ್ತೆ ಬಿಚ್ಚಿದೆ. ಆ ದಿನಗಳಲ್ಲಿ ವಕೀಲರ ಕಚೇರಿಯಲ್ಲಿ ನಾನು ನಕಲು ಮಾಡಿದ ದಾವೆಗಳೂ ಹಾಗೇ ಇದ್ದುವು ಎಂದು ವಕೀಲರು ಆಮೇಲೆ ಹೇಳಿದರು.

ಈ ಹೆಣಿಗೆಗೆ ನೂಲು ಹುಡುಕಿದ್ದು ಅದಕ್ಕೂ ಮೊದಲಿನ ಮಾತು. ಅಂಗಡಿಯ ಉಣ್ಣೆ ಯುದ್ಧದ ಪಾಲಾಗಿತ್ತು. ಬಡವನಹಳ್ಳಿಯ ಸಂತೆಯಲ್ಲಿ ಕಂಬಳಿ ನೇಯುವವನೊಬ್ಬನ ಬಳಿ ಕುರಿ ಉಣ್ಣೆಯ ನೂಲು ಕೇಳಿದೆ. "ಹಾಸಿಂದು ಬೇಕಾ ಸಾಮಿ, ಹೊಕ್ಕಿಂದು ಬೇಕಾ?" ಎಂದ. ಗೊತ್ತಿಲ್ಲ ಎನ್ನಲು ನನಗೆ ಯಾರೂ ಕಲಿಸಿರಲಿಲ್ಲ. ಎರಡನ್ನೂ ಮುಟ್ಟಿ ನೋಡಿದೆ. ಅಡ್ಡಕ್ಕೆ ಹೊಗಿಸುವ ಹೊಕ್ಕಿನದು ಮೆತ್ತಗೆ ಜೋತು ಬಿದ್ದಿತ್ತು. ಮಗ್ಗಕ್ಕೆ ಉದ್ದಕ್ಕೆ ಎಳೆದು ಮಿಕ್ಕ ಹಾಸಿನ ನೂಲು ಸಿಪಾಯಿಯ ಹಾಗೆ ನೆಟ್ಟಗೆ ನಿಂತಿತ್ತು. ಜಡೆ ಎದ್ದು ಕಾಣಬೇಕಲ್ಲ, ಹಾಸಿನದನ್ನೇ ಕೊಂಡೆ.

ಸಂಕ್ರಾಂತಿಗೆ ಎರಡು ದಿನ ಮುಂಚೆ ಹೋಗಿ ಪಟ್ಟಿ ಒಪ್ಪಿಸಿದೆ. ಮಾರನೆಯ ಬೆಳಗ್ಗೆ ಮಾವನವರು ಸ್ನಾನ ಮಾಡಿ, ಒದ್ದೆ ತಲೆಗೇ ಅದನ್ನು ಬಿಗಿಯಾಗಿ ಏರಿಸಿಕೊಂಡು ಗುಡಿಗೆ ಹೋದರು. ಪೂಜೆ ಮುಗಿಸಿ ಎಳೆಬಿಸಿಲಿನಲ್ಲಿ ನಾಲ್ಕು ಜನರಿಗೆ "ಅಳಿಯ ಹೆಣೆದದ್ದು" ಎಂದು ತೋರಿಸಿಕೊಂಡು ಬಂದರಂತೆ. ಅಷ್ಟರಲ್ಲಿ ಅದು ಒಣಗಿತ್ತು. ಮನೆಗೆ ಬಂದು ತೆಗೆಯಲು ಹೋದರೆ ಪಟ್ಟಿಯ ಜೊತೆಗೆ ಹುಬ್ಬೂ ಮೇಲೇರಿತು.

"ಬತ್ತಾ ಇಲ್ಲ" ಎಂದರು. ಹೊಸ ಅಳಿಯನ ಎದುರು ಮಾತಾಡದ ಅತ್ತೆ ಕಂಬದ ಮರೆಯಿಂದ ಮಗಳಿಗೆ ಹೇಳಿದರು: "ಗಿರಿಜಾ, ಎಳೀಬ್ಯಾಡಿ ಅಂತ ಹೇಳೇ. ಕಿವಿ ಬಂದ್ಬುಟ್ಟಾತು." ಮಾವನವರು ಪಟ್ಟಿಯ ಅಂಚನ್ನು ಉಗುರಿನಲ್ಲಿ ಕೆರೆದು ಮೂಸಿದರು. ಮತ್ತೊಮ್ಮೆ ಮೂಸಿದರು. "ಹುಣಸೆಬೀಜದ ಗಂಜಿ" ಎಂದರು. "ಕಂಬಳಿಯೋರು ಹಾಸಿನ ನೂಲಿಗೆ ಬಳೀತಾರೆ, ಬಿಗಿ ಬರ್ಲಿ ಅಂತ. ಬೀಜ ಮಾರೋನು ನಾನೇ. ಒಳ್ಳೆ ಬೀಜ."

ಬಿಸಿನೀರು, ಸೀಗೆಪುಡಿ, ಹರಳೆಣ್ಣೆ ಎಲ್ಲ ಮುಗಿದ ಮೇಲೆ ಪಟ್ಟಿ ಬಂತು. ಎರಡೂ ಕಿವಿಯ ಮೇಲಿನ ಕೂದಲು ಅದನ್ನು ಬಿಟ್ಟಿರಲಾರದೆ ಜೊತೆಗೇ ಬಂತು. ಮಾವನವರ ಹಣೆಯ ಉದ್ದಕ್ಕೂ ಜಡೆಯ ಅಚ್ಚು ಕೆಂಪಗೆ ಮೂಡಿತ್ತು. ನನ್ನ ಹೆಣಿಗೆ ಅಷ್ಟು ಸೊಗಸಾಗಿ ಕಂಡದ್ದು ಅಲ್ಲೇ ಮೊದಲು.

ಗಿರಿಜೆ ಇನ್ನು ಬರುವುದಿಲ್ಲ ಎಂಬುದು ನನಗೆ ಖಾತ್ರಿಯಾಯಿತು. ಅವಮಾನ ತಡೆಯಲಾರದೆ, "ಬೇಜಾರು ಮಾಡ್ಕೋಬೇಡಿ ಮಾವ. ಶಿವರಾತ್ರಿ ಹೊತ್ತಿಗೆ ಪೂರ್ತಿ ತೋಳಿನ ಸ್ವೆಟರೇ ಹೆಣೆದು ಕೊಡ್ತೀನಿ" ಎಂದೆ. ಮಾವನವರು ಎರಡೂ ಕಿವಿಯ ಮೇಲೆ ಕೈ ಇಟ್ಟುಕೊಂಡು ಒಳಗೆ ಹೋದರು. ಸಂಕ್ರಾಂತಿ ಕಳೆದ ಮರುದಿನ ಪಂಚಾಂಗ ತೆಗೆಯಲೇ ಇಲ್ಲ. ಗಿರಿಜೆಯ ಟ್ರಂಕು ತಾವೇ ಹೊತ್ತು ತಂದು ಪೆಟ್ರೋಲಿಲ್ಲದೆ ಇದ್ದಿಲಿನಲ್ಲೇ ಓಡುತ್ತಿದ್ದ ಬಸ್ಸಿನ ಮೇಲೆ ಹಾಕಿಸಿದರು.

ನನ್ನ ಒಳ್ಳೆಯ ಮನಸ್ಸು ಅವರಿಗೆ ಕೊನೆಗೂ ಅರ್ಥವಾಯಿತು ಎಂದು ಬಸ್ಸಿನಲ್ಲಿ ಹೆಂಡತಿಗೆ ಹೇಳಿದೆ. ಗಿರಿಜೆ ಕಿಟಕಿಯಾಚೆ ನೋಡುತ್ತಲೇ ಹೇಳಿದಳು:

"ಹೂಂ. ಅಪ್ಪಯ್ಯ ಅಂದ್ರು, 'ಬೇಗ ಹೋಗವ್ವ. ಹೋದ ತಕ್ಷಣ ಆ ಕಡ್ಡಿ ಕಿತ್ಕೊಂಡು ಒಲೆಗೆ ಹಾಕು. ಈ ಸಲ ಮೈಗೆ ಹೆಣೀತಾನಂತೆ.'"